ಔಷಧ ಚೀಟಿಯ ಒಂದು ಸಾಲು: ಹೊರರೋಗಿ ಚಿಕಿತ್ಸೆಯಲ್ಲಿ ಪ್ರತಿಜೀವಕಗಳ ಸಮರ್ಪಕ ಬಳಕೆ ಮತ್ತು ಪಂಚಾಯಿತಿಯ ಪಾತ್ರ

ಅಧ್ಯಯನ ಲೇಖನ
ಬರಹ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಬೆಂಗಳೂರು ನಗರ ಜಿಲ್ಲೆ

ಗ್ರಾಮ ಪಂಚಾಯಿತಿ ಸದಸ್ಯರು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳ ಪದಾಧಿಕಾರಿಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಆರೋಗ್ಯ ರಕ್ಷಾ ಸಮಿತಿ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರ ಓದು ಮತ್ತು ಚರ್ಚೆಗಾಗಿ ಈ ಲೇಖನವನ್ನು ಸಿದ್ಧಪಡಿಸಲಾಗಿದೆ. ಪ್ರತಿಜೀವಕ, ಅಂದರೆ ಜನ ಸಾಮಾನ್ಯವಾಗಿ ಆಂಟಿಬಯೋಟಿಕ್ ಎಂದು ಕರೆಯುವ ಔಷಧಿಯನ್ನು ವೈದ್ಯರು ಅಗತ್ಯವಿರುವಲ್ಲಿ ಮಾತ್ರ ಬರೆಯುವಂತಾಗಲು ಸ್ಥಳೀಯ ಸಂಸ್ಥೆಗಳು ಏನು ಮಾಡಬಹುದು, ಏನು ಮಾಡಬಾರದು ಎಂಬುದು ಇದರ ವಿಷಯ.

1. ಈ ವಿಷಯ ನಮ್ಮದೇಕೆ?

ಬನ್ನೇರುಘಟ್ಟ ರಸ್ತೆಯ ಅರೆಕೆರೆ ಒಂದು ಕಾಲಕ್ಕೆ ಕೆರೆಯ ಸುತ್ತಲಿನ ಹಳ್ಳಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಈ ಭಾಗವೆಲ್ಲ ನಗರಾಡಳಿತಕ್ಕೆ ಸೇರಿತು. ಆಡಳಿತದ ಗಡಿ ಬದಲಾಯಿತೇ ಹೊರತು ಜನರ ಓಡಾಟ ಬದಲಾಗಲಿಲ್ಲ. ಬೆಂಗಳೂರು ದಕ್ಷಿಣ ಮತ್ತು ಆನೇಕಲ್ ತಾಲ್ಲೂಕುಗಳ ನಮ್ಮ ಹಳ್ಳಿಗಳ ಜನ ಇಂದಿಗೂ ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ, ಗಾರ್ಮೆಂಟ್ಸ್ ಕಾರ್ಖಾನೆಗೆ ಅರೆಕೆರೆ, ಹುಳಿಮಾವು, ಗೊಟ್ಟಿಗೆರೆಗಳ ಕಡೆಗೆ ಹೋಗುತ್ತಾರೆ. ಜ್ವರ ಬಂದರೆ ಸಂಜೆ ಕೆಲಸ ಬಿಟ್ಟು ಬರುವ ದಾರಿಯಲ್ಲೇ ಯಾವುದಾದರೊಂದು ಕ್ಲಿನಿಕ್ಕಿಗೆ ಹೊಕ್ಕು, ಪಕ್ಕದ ಅಂಗಡಿಯಲ್ಲಿ ಮಾತ್ರೆ ಕೊಂಡು ಬಸ್ಸು ಹತ್ತುತ್ತಾರೆ. ಔಷಧಕ್ಕೆ ಬಗ್ಗದ ರೋಗಾಣುವೂ ಅದೇ ಬಸ್ಸಿನಲ್ಲಿ ಊರಿಗೆ ಬರುತ್ತದೆ.

ಊರಿನ ಮೇಲ್ತೊಟ್ಟಿಯ ನೀರಿನ ಉದಾಹರಣೆ ಇಲ್ಲಿ ಹೊಂದುತ್ತದೆ. ಯಾವ ಒಂದು ನಲ್ಲಿಯೂ ತೊಟ್ಟಿಯನ್ನು ಬರಿದು ಮಾಡುವುದಿಲ್ಲ. ಆದರೆ ಪ್ರತಿ ಮನೆಯವರೂ ನಲ್ಲಿಯನ್ನು ಸುಮ್ಮನೆ ತೆರೆದಿಟ್ಟರೆ ಕೊನೆಯ ಬೀದಿಗೆ ನೀರು ಏರುವುದಿಲ್ಲ. ಪ್ರತಿಜೀವಕಗಳ ಪರಿಣಾಮಶಕ್ತಿಯೂ ಇಂತಹ ಸಾಮೂಹಿಕ ಸ್ವತ್ತು. ಒಬ್ಬರ ನೆಗಡಿಗೆ ಬಳಸಿದ ಮಾತ್ರೆಯ ನಷ್ಟವನ್ನು ಕೊನೆಗೆ ಹೊರುವವರು ನಂಜೇರಿದ ಬಾಣಂತಿ, ತೂಕ ಕಡಿಮೆಯಿರುವ ನವಜಾತ ಶಿಶು, ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಜಯದೇವ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದವರು. ಇವರೆಲ್ಲರ ಚಿಕಿತ್ಸೆಯೂ ಪ್ರತಿಜೀವಕ ಕೆಲಸ ಮಾಡುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ.

2. ಪ್ರತಿಜೀವಕ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಪ್ರತಿಜೀವಕಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಅಥವಾ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ವೈರಾಣುಗಳ ಮೇಲೆ ಅವುಗಳ ಪರಿಣಾಮವಿಲ್ಲ. ನೆಗಡಿ, ಫ್ಲೂ, ಡೆಂಗಿ, ಚಿಕೂನ್‌ಗುನ್ಯಾ ಇವು ವೈರಾಣುಗಳಿಂದ ಬರುವಂಥವು. ಗಂಟಲು ನೋವು ಮತ್ತು ಕಫದ ಕೆಮ್ಮಿನ ಬಹುಪಾಲು ಪ್ರಕರಣಗಳೂ ಹಾಗೆಯೇ. ಮಕ್ಕಳ ನೀರು ಭೇದಿಗೆ ಬೇಕಾದುದು ಓಆರ್‌ಎಸ್ ಮತ್ತು ಸತುವಿನ ಮಾತ್ರೆ. ರಕ್ತಭೇದಿ, ಕಾಲರಾಗಳಂತಹ ಸಂದರ್ಭಗಳನ್ನು ಬಿಟ್ಟರೆ ಅಲ್ಲಿಯೂ ಪ್ರತಿಜೀವಕದ ಅಗತ್ಯ ಬರುವುದಿಲ್ಲ.

ಅನಗತ್ಯವಾಗಿ ನುಂಗಿದ ಪ್ರತಿಜೀವಕ ಸುಮ್ಮನೆ ವ್ಯರ್ಥವಾಗುವುದಿಲ್ಲ. ಅದು ಕರುಳು, ಬಾಯಿ, ಚರ್ಮಗಳಲ್ಲಿ ವಾಸಿಸುವ ನಿರುಪದ್ರವಿ ಬ್ಯಾಕ್ಟೀರಿಯಾಗಳನ್ನು ಕೊಂದು, ಔಷಧವನ್ನು ತಾಳಿಕೊಳ್ಳಬಲ್ಲವುಗಳಿಗೆ ಜಾಗ ಮಾಡಿಕೊಡುತ್ತದೆ. ತಾಳಿಕೆಯ ಈ ಗುಣ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಗೆ ದಾಟಬಲ್ಲದು. ಕುಟುಂಬದ ಒಬ್ಬರಿಂದ ಮತ್ತೊಬ್ಬರಿಗೆ, ಚರಂಡಿಯಿಂದ ಕೆರೆಗೆ ಹರಡಬಲ್ಲದು. ಪೆನಿಸಿಲಿನ್ನನ್ನು 1928ರಲ್ಲಿ ಗುರುತಿಸಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಈ ಅಪಾಯದ ಬಗ್ಗೆ ಎಚ್ಚರಿಸಿದ್ದರು.

3. ಎಷ್ಟು ಎಂಬುದಕ್ಕಿಂತ ಯಾವುದು ಎಂಬ ಪ್ರಶ್ನೆ

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನಂತೆ, 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳಿಂದ ನೇರವಾಗಿ 12.7 ಲಕ್ಷ ಜನ ಮೃತಪಟ್ಟರು. ಇಂತಹ ಸೋಂಕಿನೊಡನೆ ಸಂಬಂಧವಿರುವ ಸಾವುಗಳನ್ನೂ ಸೇರಿಸಿದರೆ ಸಂಖ್ಯೆ 49.5 ಲಕ್ಷ.

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಪ್ರತಿಜೀವಕಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ಮೊದಲನೆಯದು ಸಾಮಾನ್ಯ ಸೋಂಕುಗಳಿಗೆ ಮೊದಲ ಆಯ್ಕೆಯಾಗಿ ಬಳಸಬೇಕಾದ ಗುಂಪು: ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಸೆಫಲೆಕ್ಸಿನ್ ಮುಂತಾದವು. ಎರಡನೆಯದು ನಿಗಾ ಗುಂಪು: ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಸಿನ್, ಸೆಫ್ಟ್ರಿಯಾಕ್ಸೋನ್ ಮುಂತಾದವು; ಇವುಗಳಿಗೆ ಪ್ರತಿರೋಧ ಬೇಗ ಬೆಳೆಯುವುದರಿಂದ ಬಳಕೆಯ ಮೇಲೆ ಕಣ್ಣಿಡಬೇಕು. ಮೂರನೆಯದು ಕಾಯ್ದಿಟ್ಟ ಗುಂಪು: ಕೊಲಿಸ್ಟಿನ್, ಲಿನೆಜೋಲಿಡ್‌ನಂತಹ, ಬೇರೇನೂ ಫಲಿಸದಾಗ ಮಾತ್ರ ಬಳಸುವ ಔಷಧಿಗಳು. 2024ರ ಸೆಪ್ಟೆಂಬರ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಉನ್ನತ ಮಟ್ಟದ ಸಭೆಯು, 2030ರ ವೇಳೆಗೆ ಜಗತ್ತಿನಲ್ಲಿ ಜನರು ಬಳಸುವ ಪ್ರತಿಜೀವಕಗಳಲ್ಲಿ ಕನಿಷ್ಠ ಶೇ. 70ರಷ್ಟು ಮೊದಲ ಗುಂಪಿನವಾಗಿರಬೇಕೆಂಬ ಗುರಿಯನ್ನು ಒಪ್ಪಿತು.

ನಮ್ಮ ಸ್ಥಿತಿ ಇದಕ್ಕೆ ತಿರುವುಮುರುವಾಗಿದೆ. ಭಾರತದ ಖಾಸಗಿ ವಲಯದ 2019ರ ಮಾರಾಟವನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಂತೆ, ಬಳಕೆಯ ಶೇ. 54.9ರಷ್ಟು ನಿಗಾ ಗುಂಪಿಗೆ ಸೇರಿದ್ದರೆ, ಮೊದಲ ಗುಂಪಿನ ಪಾಲು ಶೇ. 27 ಮಾತ್ರ. ಅತಿ ಹೆಚ್ಚು ಬಳಕೆಯಾದ ಮಾತ್ರೆ ಅಜಿತ್ರೋಮೈಸಿನ್ 500 ಮಿ.ಗ್ರಾಂ, ನಂತರದ್ದು ಸೆಫಿಕ್ಸಿಮ್ 200 ಮಿ.ಗ್ರಾಂ. ಇವೆರಡೂ ನಿಗಾ ಗುಂಪಿನವು. ಗಮನಿಸಬೇಕಾದ ಸಂಗತಿಯೆಂದರೆ, ತಲಾ ಬಳಕೆಯನ್ನು ಲೆಕ್ಕ ಹಾಕಿದರೆ ಭಾರತ ಅನೇಕ ದೇಶಗಳಿಗಿಂತ ಕೆಳಗಿದೆ. ಆದುದರಿಂದ "ಪ್ರತಿಜೀವಕ ಕಡಿಮೆ ಮಾಡಿ" ಎಂಬ ಒಂದೇ ಮಾತು ನಮಗೆ ಸಾಲದು. ನ್ಯುಮೋನಿಯಾ ಆದ ಮಗುವಿಗೆ ಅಮಾಕ್ಸಿಸಿಲಿನ್ ಸಕಾಲದಲ್ಲಿ ಸಿಗಬೇಕು. ನೆಗಡಿಯಾದ ದೊಡ್ಡವರಿಗೆ ಅಜಿತ್ರೋಮೈಸಿನ್ ಸಿಗಬಾರದು. ಸಮರ್ಪಕ ಬಳಕೆ ಎಂದರೆ ಈ ಎರಡೂ.

4. ತಿಳಿದೂ ಏಕೆ ಬರೆಯುತ್ತಾರೆ?

ನೆಗಡಿಗೆ ಪ್ರತಿಜೀವಕ ಬೇಡವೆಂಬುದು ವೈದ್ಯರಿಗೆ ತಿಳಿಯದ ವಿಷಯವಲ್ಲ. ಆದ್ದರಿಂದ ಅವರನ್ನು ದೂಷಿಸುವುದಾಗಲಿ, ಅವರಿಗೆ ಮತ್ತೊಮ್ಮೆ ಪಾಠ ಹೇಳುವುದಾಗಲಿ ಫಲಕಾರಿಯಲ್ಲ. ಚೀಟಿಯಲ್ಲಿ ಆ ಸಾಲು ಮೂಡುವ ಆ ಕೆಲವು ನಿಮಿಷಗಳಲ್ಲಿ ಕೋಣೆಯೊಳಗೆ ಏನೇನು ಒತ್ತಡಗಳಿವೆ ಎಂಬುದನ್ನು ನೋಡಬೇಕು.

ಮೊದಲನೆಯದು, ಕೂಲಿಯ ಒತ್ತಡ. ದಿನಗೂಲಿಯವರಿಗೆ ಒಂದು ದಿನದ ಜ್ವರವೆಂದರೆ ಒಂದು ದಿನದ ಸಂಬಳ. "ನಾಳೆ ಕೆಲಸಕ್ಕೆ ಹೋಗಲೇಬೇಕು, ಪವರ್ ಇರುವ ಮಾತ್ರೆ ಕೊಡಿ" ಎಂದು ಕೇಳುವವರದು ಮೊಂಡುತನವಲ್ಲ, ಅನಿವಾರ್ಯತೆ.

ಎರಡನೆಯದು, ಕೈಗುಣದ ಲೆಕ್ಕ. ವೈರಾಣು ಜ್ವರ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಎರಡನೆಯ ದಿನ ಮಾತ್ರೆ ನುಂಗಿದವರು ನಾಲ್ಕನೆಯ ದಿನ ಗುಣವಾದರೆ ಆ ಶ್ರೇಯಸ್ಸು ಮಾತ್ರೆಗೂ ಅದನ್ನು ಬರೆದ ವೈದ್ಯರ ಕೈಗುಣಕ್ಕೂ ಸಲ್ಲುತ್ತದೆ. ಬಿಸಿನೀರು, ವಿಶ್ರಾಂತಿ, ಪ್ಯಾರಾಸಿಟಮಾಲ್ ಎಂದಷ್ಟೇ ಹೇಳಿ ಕಳುಹಿಸಿದ ವೈದ್ಯರಿಗೆ ಅದೇ ನಾಲ್ಕನೆಯ ದಿನದ ಗುಣಕ್ಕೆ ಶ್ರೇಯಸ್ಸಿಲ್ಲ. ರೋಗಿ ಅಷ್ಟರಲ್ಲಿ ಪಕ್ಕದ ಕ್ಲಿನಿಕ್ಕಿಗೆ ಹೋಗಿರುತ್ತಾರೆ.

ಮೂರನೆಯದು, ಅನಿಶ್ಚಯ. ಹೊರರೋಗಿ ವಿಭಾಗದ ಉದ್ದದ ಸಾಲಿನಲ್ಲಿ ಒಬ್ಬೊಬ್ಬರಿಗೆ ದೊರೆಯುವ ಸಮಯ ಕೆಲವೇ ನಿಮಿಷ. ಇದು ವೈರಾಣುವೋ ಬ್ಯಾಕ್ಟೀರಿಯಾವೋ ಎಂದು ಪರೀಕ್ಷೆಯಿಲ್ಲದೆ ಹೇಳುವುದು ಕಷ್ಟ. ರೋಗಿ ಮತ್ತೆ ಬರುತ್ತಾರೆಂಬ ಭರವಸೆಯಿಲ್ಲ. ಒಂದು ವೇಳೆ ರೋಗ ಉಲ್ಬಣಿಸಿದರೆ ಹೊಣೆ ಯಾರದು ಎಂಬ ಭಯವಿದೆ. ಆಗ ಒಂದು ಸಾಲು ಹೆಚ್ಚಿಗೆ ಬರೆಯುವುದು ಸುರಕ್ಷಿತವೆಂದು ತೋರುತ್ತದೆ.

ನಾಲ್ಕನೆಯದು, ಕೆಮ್ಮಿನ ಅವಧಿಯ ಬಗೆಗಿನ ತಪ್ಪು ಎಣಿಕೆ. ಕೆಮ್ಮು ಒಂದು ವಾರದಲ್ಲಿ ಹೋಗಬೇಕೆಂದು ಜನ ಎಣಿಸುತ್ತಾರೆ. ವೈರಾಣುವಿನ ಕಫದ ಕೆಮ್ಮು ಪೂರ್ತಿ ಅಡಗಲು ಸರಾಸರಿ ಎರಡೂವರೆ ವಾರ ಬೇಕಾಗುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಹತ್ತನೆಯ ದಿನ ಮತ್ತೊಮ್ಮೆ ಬಂದವರಿಗೆ ಮತ್ತೊಂದು ಪ್ರತಿಜೀವಕ, ಹಿಂದಿನದಕ್ಕಿಂತ ಬಲವಾದದ್ದು ಸಿಗುತ್ತದೆ.

ಹೀಗೆ ನೋಡಿದಾಗ, ವೈದ್ಯರಲ್ಲಿ ಕೊರತೆಯಾಗಿರುವುದು ಜ್ಞಾನವಲ್ಲ. ಬೇಡವೆನ್ನಲು ಬೇಕಾದ ಆಸರೆ. ಆ ಆಸರೆಯನ್ನು ಊರು ಒದಗಿಸಬಹುದು. ಈ ಲೇಖನ ಹೇಳಬಯಸುವ ಮುಖ್ಯ ಮಾತು ಇದೇ.

5. ಬೇರೆಡೆ ಏನು ಫಲಿಸಿತು, ಏನು ಫಲಿಸಲಿಲ್ಲ

ಮೊದಲ ಉದಾಹರಣೆ ಇಂಗ್ಲೆಂಡಿನದು. 2014ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಯು, ತಮ್ಮ ಪ್ರದೇಶದಲ್ಲಿ ಅತಿ ಹೆಚ್ಚು ಪ್ರತಿಜೀವಕ ಬರೆಯುವ ಶೇ. 20ರಷ್ಟು ಚಿಕಿತ್ಸಾಲಯಗಳ ಪೈಕಿ ಅರ್ಧದಷ್ಟಕ್ಕೆ ಒಂದು ಪತ್ರ ಕಳುಹಿಸಿದರು. ನಿಮ್ಮ ಪ್ರದೇಶದ ಶೇ. 80ರಷ್ಟು ಚಿಕಿತ್ಸಾಲಯಗಳಿಗಿಂತ ನೀವು ಹೆಚ್ಚು ಬರೆಯುತ್ತಿದ್ದೀರಿ ಎಂಬುದು ಪತ್ರದ ತಿರುಳು. ದಂಡವಿಲ್ಲ, ನೋಟಿಸಿಲ್ಲ. ಆರು ತಿಂಗಳಲ್ಲಿ, ಪತ್ರ ತಲುಪದ ಚಿಕಿತ್ಸಾಲಯಗಳಿಗೆ ಹೋಲಿಸಿದರೆ ಶೇ. 3.3ರಷ್ಟು ಇಳಿಕೆಯಾಯಿತು, ಅಂದರೆ ಅಂದಾಜು 73,406 ಬಾರಿ ಪ್ರತಿಜೀವಕ ಬರೆಯುವುದು ತಪ್ಪಿತು. ಅದೇ ಪ್ರಯೋಗದ ಇನ್ನೊಂದು ಭಾಗದಲ್ಲಿ ರೋಗಿಗಳಿಗೆ ತಿಳಿವಳಿಕೆ ನೀಡುವ ಕರಪತ್ರ ಮತ್ತು ಭಿತ್ತಿಪತ್ರಗಳನ್ನು ಹಂಚಲಾಯಿತು. ಅದರಿಂದ ಗಣನೀಯ ಬದಲಾವಣೆ ಕಾಣಲಿಲ್ಲ.

ಎರಡನೆಯ ಉದಾಹರಣೆ ಅಮೆರಿಕದ ಲಾಸ್ ಏಂಜಲೀಸ್ ನಗರದ ಐದು ಚಿಕಿತ್ಸಾಲಯಗಳದು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಗೋಡೆಗೆ ಅಂಟಿಸಿದ್ದು ಭಿತ್ತಿಪತ್ರವೇ. ಆದರೆ ಅದು ರೋಗಿಗೆ ಹೇಳಿದ ಬುದ್ಧಿಮಾತಲ್ಲ, ವೈದ್ಯರು ಕೊಟ್ಟ ಭರವಸೆ. ಅಗತ್ಯವಿಲ್ಲದಾಗ ಪ್ರತಿಜೀವಕ ಬರೆಯುವುದಿಲ್ಲವೆಂಬ ಪತ್ರದಲ್ಲಿ ವೈದ್ಯರ ಭಾವಚಿತ್ರವೂ ಸಹಿಯೂ ಇದ್ದವು; ಪತ್ರ ಇಂಗ್ಲಿಷಿನಲ್ಲೂ ರೋಗಿಗಳ ಭಾಷೆಯಾದ ಸ್ಪ್ಯಾನಿಷ್‌ನಲ್ಲೂ ಇತ್ತು. ಅದನ್ನು ತಪಾಸಣಾ ಕೋಣೆಯೊಳಗೇ 12 ವಾರ ತೂಗುಹಾಕಲಾಯಿತು. ಉಸಿರಾಟದ ಸೋಂಕುಗಳಿಗೆ ಅನಗತ್ಯವಾಗಿ ಪ್ರತಿಜೀವಕ ಬರೆಯುವ ಪ್ರಮಾಣ ಅಲ್ಲಿ ಶೇ. 43.5ರಿಂದ ಶೇ. 33.7ಕ್ಕೆ ಇಳಿಯಿತು. ಪತ್ರವಿಲ್ಲದ ವೈದ್ಯರಲ್ಲಿ ಅದೇ ಅವಧಿಯಲ್ಲಿ ಅದು ಶೇ. 42.8ರಿಂದ ಶೇ. 52.7ಕ್ಕೆ ಏರಿತು. ಭಾಗವಹಿಸಿದ ವೈದ್ಯರು 14 ಜನ ಮಾತ್ರ ಎಂಬ ಮಿತಿಯನ್ನು ನೆನಪಿಡಬೇಕು. ಆದರೂ ದಿಕ್ಕು ಸ್ಪಷ್ಟವಾಗಿದೆ.

ನಮಗೆ ಇದರಿಂದ ಒಂದು ಪಾಠವಿದೆ. ಯಾವ ಅಭಿಯಾನ ಬಂದರೂ ಗೋಡೆ ಬರಹ ಬರೆಸಿ, ಕರಪತ್ರ ಹಂಚಿ, ಫೋಟೋ ಕಳುಹಿಸುವುದು ಪಂಚಾಯಿತಿಗಳ ರೂಢಿ. ಈ ವಿಷಯದಲ್ಲಿ ಅಷ್ಟೇ ಮಾಡಿದರೆ ಸುಣ್ಣ ಬಣ್ಣದ ಖರ್ಚು ಮಾತ್ರ ಉಳಿದೀತು. ವೈದ್ಯರೇ ತಮ್ಮ ಹೆಸರಿನಲ್ಲಿ ಕೊಟ್ಟ ಮಾತು, ಮತ್ತು ಆ ಮಾತನ್ನು ಊರು ಗೌರವಿಸುತ್ತದೆಂಬ ಖಾತರಿ, ಇವೆರಡು ಸೇರಿದಾಗ ಫಲ ಕಾಣುವ ಸಾಧ್ಯತೆ ಹೆಚ್ಚು.

6. ಈಗಾಗಲೇ ಇರುವ ನಿಯಮಗಳು

ಔಷಧ ನಿಯಮಗಳ ಅನುಸೂಚಿ ಎಚ್1 ಅನ್ನು 2013ರಲ್ಲಿ ಅಧಿಸೂಚಿಸಿ, 2014ರ ಮಾರ್ಚ್ 1ರಿಂದ ಜಾರಿಗೆ ತರಲಾಯಿತು. ಆಗ ಅದರಲ್ಲಿದ್ದ 46 ಔಷಧಿಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ತಲೆಮಾರಿನ ಸೆಫಲೋಸ್ಪೋರಿನ್‌ಗಳು, ಕಾರ್ಬಪೆನೆಮ್‌ಗಳು ಹಾಗೂ ಕ್ಷಯದ ಔಷಧಿಗಳು ಸೇರಿದ್ದವು. ಇವನ್ನು ಮಾರುವ ಅಂಗಡಿಯವರು ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ ಮತ್ತು ಪ್ರಮಾಣವನ್ನು ಪ್ರತ್ಯೇಕ ದಾಖಲೆ ಪುಸ್ತಕದಲ್ಲಿ ನಮೂದಿಸಿ ಮೂರು ವರ್ಷ ಕಾಪಾಡಬೇಕು. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆಯ ಬಗ್ಗೆ ಜಾಗೃತಿ ಅಭಿಯಾನ ಆರಂಭಿಸಿತು: ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. 2024ರ ಜನವರಿಯಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು, ಪ್ರತಿಜೀವಕ ಬರೆಯುವಾಗ ಅದಕ್ಕೆ ಕಾರಣವನ್ನೂ ಚೀಟಿಯಲ್ಲಿ ನಮೂದಿಸುವಂತೆ ಕೋರಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿಯೂ ಸಣ್ಣ ಜ್ವರ ಮತ್ತು ವೈರಾಣುವಿನ ಕೆಮ್ಮಿಗೆ ಪ್ರತಿಜೀವಕ ಬೇಡವೆಂದು ಹೇಳುತ್ತದೆ.

ಕಾರಣ ಬರೆಯುವ ಈ ಕ್ರಮ ಸಣ್ಣದಾಗಿ ಕಂಡರೂ ಪರಿಣಾಮಕಾರಿ. "ನೆಗಡಿ" ಎಂದು ಬರೆದು ಅದರ ಕೆಳಗೆ ಸೆಫಿಕ್ಸಿಮ್ ಬರೆಯಲು ಯಾವ ವೈದ್ಯರ ಕೈಯೂ ಸುಲಭವಾಗಿ ಓಡುವುದಿಲ್ಲ.

7. ಪಂಚಾಯಿತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಮೊದಲಿಗೆ ಮಿತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ವೈದ್ಯರ ಚೀಟಿಯನ್ನು ಪರಿಶೀಲಿಸುವ ಅಥವಾ ಪ್ರಶ್ನಿಸುವ ಅಧಿಕಾರ ಪಂಚಾಯಿತಿಗಿಲ್ಲ, ಇರಲೂಬಾರದು. ಯಾವ ಸದಸ್ಯರೂ ರೋಗಿಯ ಚೀಟಿಯನ್ನು ಕೈಗೆ ತೆಗೆದುಕೊಂಡು ಚರ್ಚಿಸತಕ್ಕದ್ದಲ್ಲ. ಚೀಟಿ ಬರೆಯುವ ಪರಿಸ್ಥಿತಿಯನ್ನು ಉತ್ತಮಪಡಿಸುವುದಷ್ಟೇ ನಮ್ಮ ಕೆಲಸ.

(ಅ) ವೈದ್ಯರ ಭರವಸೆ ಪತ್ರ. ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ವೈದ್ಯಾಧಿಕಾರಿಗಳೊಂದಿಗೆ ಚರ್ಚಿಸಿ, ಅವರು ಒಪ್ಪಿದಲ್ಲಿ ಮಾತ್ರ, ಕೆಳಗಿನ ಮಾದರಿಯಲ್ಲಿ ಒಂದು ಪತ್ರವನ್ನು ತಪಾಸಣಾ ಕೋಣೆಯೊಳಗೆ ಹಾಕಬಹುದು:

"ನನ್ನ ಬಳಿ ಬರುವ ಎಲ್ಲರ ಗಮನಕ್ಕೆ. ನೆಗಡಿ, ಫ್ಲೂ ಮತ್ತು ಬಹುಪಾಲು ಗಂಟಲು ನೋವು, ಕೆಮ್ಮುಗಳಿಗೆ ಆಂಟಿಬಯೋಟಿಕ್‌ನಿಂದ ಪ್ರಯೋಜನವಿಲ್ಲ. ಅಗತ್ಯವಿದ್ದಾಗ ತಪ್ಪದೆ ಬರೆಯುತ್ತೇನೆ. ಅಗತ್ಯವಿಲ್ಲದಾಗ ಬರೆಯುವುದಿಲ್ಲ, ಏಕೆಂದು ತಿಳಿಸುತ್ತೇನೆ. ಹೇಳಿದ ದಿನಕ್ಕೆ ಗುಣ ಕಾಣದಿದ್ದರೆ ಮತ್ತೆ ಬನ್ನಿ, ಮತ್ತೆ ನೋಡುತ್ತೇನೆ." ಕೆಳಗೆ ವೈದ್ಯರ ಹೆಸರು, ಸಹಿ.

ಕನ್ನಡದ ಜೊತೆಗೆ, ವಲಸೆ ಕಾರ್ಮಿಕರು ಹೆಚ್ಚಿರುವ ಕಡೆ ಅವರು ಓದಬಲ್ಲ ಭಾಷೆಯಲ್ಲೂ ಇದನ್ನು ಬರೆಸುವುದು ಸೂಕ್ತ. ಊರಿನ ಖಾಸಗಿ ಕ್ಲಿನಿಕ್‌ಗಳ ವೈದ್ಯರನ್ನೂ ಸಭೆಗೆ ಆಹ್ವಾನಿಸುವುದು. ಒಬ್ಬರು ಬೇಡವೆಂದದ್ದನ್ನು ಪಕ್ಕದವರು ಬರೆದುಕೊಟ್ಟರೆ ಭರವಸೆ ನಿಲ್ಲುವುದಿಲ್ಲ.

(ಆ) ಮರುಭೇಟಿಗೆ ಸಾಲಿಲ್ಲ. "ಮೂರು ದಿನ ನೋಡಿ, ಕಡಿಮೆಯಾಗದಿದ್ದರೆ ಬನ್ನಿ" ಎಂಬ ಮಾತಿಗೆ ಬೆಲೆ ಬರಬೇಕಾದರೆ ಮತ್ತೆ ಬಂದವರು ಹೊಸದಾಗಿ ಅರ್ಧ ದಿನ ಸಾಲಿನಲ್ಲಿ ನಿಲ್ಲುವಂತಾಗಬಾರದು. ಮರುಭೇಟಿಯವರಿಗೆ ಪ್ರತ್ಯೇಕ ಬಣ್ಣದ ಚೀಟಿ ಕೊಟ್ಟು ಮೊದಲು ಒಳಗೆ ಕಳುಹಿಸುವ ವ್ಯವಸ್ಥೆಗೆ ವೆಚ್ಚ ಅತ್ಯಲ್ಪ. ವೈದ್ಯರ ಅನಿಶ್ಚಯವನ್ನೂ ರೋಗಿಯ ಕೂಲಿ ನಷ್ಟವನ್ನೂ ಇದು ಒಟ್ಟಿಗೆ ಕಡಿಮೆ ಮಾಡುತ್ತದೆ.

(ಇ) ಆಶಾ ಕಾರ್ಯಕರ್ತೆಯರ ವಿಚಾರಣೆ. ಪ್ರತಿಜೀವಕವಿಲ್ಲದೆ ಕಳುಹಿಸಿದ ಮಕ್ಕಳು ಮತ್ತು ಹಿರಿಯರ ಪಟ್ಟಿಯನ್ನು ವೈದ್ಯಾಧಿಕಾರಿ ಕೊಟ್ಟಲ್ಲಿ, ಎರಡನೆಯ ದಿನ ಮನೆಗೆ ಹೋಗಿ ಅಥವಾ ಫೋನ್ ಮಾಡಿ ವಿಚಾರಿಸುವುದು. ಯಾರೋ ಕೇಳುತ್ತಿದ್ದಾರೆಂಬ ಧೈರ್ಯ ಅನೇಕ ಮಾತ್ರೆಗಳನ್ನು ತಪ್ಪಿಸುತ್ತದೆ.

(ಈ) ಔಷಧ ದಾಸ್ತಾನು. ಅಮಾಕ್ಸಿಸಿಲಿನ್, ಓಆರ್‌ಎಸ್, ಸತುವಿನ ಮಾತ್ರೆ, ಪ್ಯಾರಾಸಿಟಮಾಲ್ ಕೇಂದ್ರದಲ್ಲಿ ಮುಗಿದಿದ್ದರೆ ವೈದ್ಯರು ಇರುವುದನ್ನು ಬರೆಯುತ್ತಾರೆ, ಅಥವಾ ಹೊರಗಿನ ಅಂಗಡಿಗೆ ಕಳುಹಿಸುತ್ತಾರೆ. ದಾಸ್ತಾನಿನ ಸ್ಥಿತಿಯನ್ನು ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಕೊರತೆಯಿದ್ದಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು.

(ಉ) ಔಷಧ ಅಂಗಡಿಗಳೊಂದಿಗೆ ಸಮಾಲೋಚನೆ. ಚೀಟಿಯಿಲ್ಲದೆ ಕೆಂಪು ಗೆರೆಯ ಮಾತ್ರೆ ಮಾರದಂತೆ, ಎರಡು ಮೂರು ಮಾತ್ರೆ ಕತ್ತರಿಸಿ ಕೊಡದಂತೆ ಮನವಿ ಮಾಡುವುದು. ಉಲ್ಲಂಘನೆಯ ವಿಚಾರಣೆ ಔಷಧ ನಿಯಂತ್ರಣ ಇಲಾಖೆಗೆ ಸೇರಿದ್ದು. ಅರ್ಹತೆಯಿಲ್ಲದೆ ಚಿಕಿತ್ಸೆ ನೀಡುವವರ ಬಗ್ಗೆ ದೂರುಗಳಿದ್ದಲ್ಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ಜಿಲ್ಲಾ ಪ್ರಾಧಿಕಾರಕ್ಕೆ ಕಳುಹಿಸುವುದು.

(ಊ) ಗ್ರಾಮಸಭೆಯ ಚರ್ಚೆ. ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಔಷಧ ಪ್ರತಿರೋಧ ಜಾಗೃತಿ ಸಪ್ತಾಹವಿರುತ್ತದೆ. ಮಕ್ಕಳ ಗ್ರಾಮಸಭೆಗಳು ನಡೆಯುವ ಕಾಲವೂ ಹೆಚ್ಚುಕಡಿಮೆ ಅದೇ. ಮಕ್ಕಳ ಮುಂದೆ ವೈದ್ಯಾಧಿಕಾರಿಗಳೇ ತಮ್ಮ ಭರವಸೆ ಪತ್ರವನ್ನು ಓದುವಂತಾದರೆ ಆ ಮಾತು ಮನೆಮನೆಗೆ ತಲುಪುತ್ತದೆ.

8. ಮರೆಯಬಾರದ ಎಚ್ಚರಿಕೆಗಳು

ಈ ಪ್ರಯತ್ನದಿಂದ ನಿಜವಾಗಿ ಔಷಧ ಬೇಕಾದವರಿಗೆ ತಡವಾಗಬಾರದು. ಕೆಮ್ಮಿರುವ ಮಗು ವೇಗವಾಗಿ ಉಸಿರಾಡುತ್ತಿದ್ದರೆ ತಕ್ಷಣ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರು ಅಪಾಯದ ಗುರುತು. ಎದೆಗೂಡು ಒಳಗೆ ಸೆಳೆಯುವುದು, ಹಾಲು ನೀರು ಕುಡಿಯದಿರುವುದು, ಸೆಳೆತ, ಮಂಪರು, ಮಲದಲ್ಲಿ ರಕ್ತ ಕಂಡರೆ ಮೂರು ದಿನ ಕಾಯುವ ಮಾತೇ ಇಲ್ಲ.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಕಡ್ಡಾಯವಾಗಿ ಆಗಬೇಕು. ವೈರಾಣುವಿನ ಕೆಮ್ಮು ಅಷ್ಟು ದಿನ ಉಳಿಯಬಹುದು ನಿಜ. ಆದರೆ ಕ್ಷಯವೂ ಹಾಗೆಯೇ ಆರಂಭವಾಗುತ್ತದೆ. ಲಿವೊಫ್ಲಾಕ್ಸಸಿನ್‌ನಂತಹ ಔಷಧಿಗಳು ಕ್ಷಯದ ರೋಗಾಣುವನ್ನು ಸ್ವಲ್ಪ ಕಾಲ ಅಡಗಿಸಿ ರೋಗಪತ್ತೆಯನ್ನು ತಡಮಾಡುತ್ತವೆ. ಪರೀಕ್ಷೆಗೆ ಮುನ್ನ ಅಂಗಡಿಯಿಂದ ಅವನ್ನು ಕೊಂಡು ನುಂಗುವುದು ಇಡೀ ಕುಟುಂಬಕ್ಕೆ ಅಪಾಯ.

ವೈದ್ಯರು ಪ್ರತಿಜೀವಕ ಬರೆದಾಗ ಅವರು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು. ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ಮುಂದಿನ ಜ್ವರಕ್ಕೆ, ಅಥವಾ ಮನೆಯ ಇನ್ನೊಬ್ಬರಿಗೆ ಬಳಸಬಾರದು.

9. ಚರ್ಚೆಗೆ ಪ್ರಶ್ನೆಗಳು

1) ನಮ್ಮ ಊರಿನವರು ಜ್ವರ ಬಂದಾಗ ಮೊದಲು ಎಲ್ಲಿಗೆ ಹೋಗುತ್ತಾರೆ? ಏಕೆ?
2) ಆರೋಗ್ಯ ಕೇಂದ್ರದಲ್ಲಿ ಮರುಭೇಟಿಗೆ ಬಂದವರು ಎಷ್ಟು ಹೊತ್ತು ಕಾಯಬೇಕಾಗುತ್ತದೆ? ಒಂದು ವಾರ ಲೆಕ್ಕವಿಟ್ಟು ನೋಡಲು ಸಾಧ್ಯವೇ?
3) ಅಮಾಕ್ಸಿಸಿಲಿನ್, ಓಆರ್‌ಎಸ್ ಮತ್ತು ಸತುವಿನ ಮಾತ್ರೆಗಳ ದಾಸ್ತಾನು ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಮುಗಿದಿತ್ತು?
4) ನಮ್ಮ ವೈದ್ಯರು ಪ್ರತಿಜೀವಕ ಬೇಡವೆಂದಾಗ ಊರಿನ ಹಿರಿಯರು, ಸದಸ್ಯರು ಅವರ ಪರವಾಗಿ ಮಾತನಾಡುತ್ತಾರೆಯೇ?

ನಾಲ್ಕನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡ ಊರಿಗೆ ಉಳಿದವು ಕಷ್ಟವಾಗಲಾರವು. ಹೊಸ ಪ್ರತಿಜೀವಕವೊಂದು ಪ್ರಯೋಗಾಲಯದಿಂದ ರೋಗಿಯನ್ನು ತಲುಪಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಇರುವುದನ್ನು ಕಾಪಾಡಿಕೊಳ್ಳಬೇಕು. ಬೇಡವೆಂದ ವೈದ್ಯರನ್ನು ಬಿಟ್ಟು ಬೇರೆ ಕ್ಲಿನಿಕ್ಕಿನ ಬಾಗಿಲಿಗೆ ಹೋಗದೆ, ಅವರು ಹೇಳಿದ ದಿನಕ್ಕೆ ಮತ್ತೆ ಅವರ ಬಳಿಗೇ ಹೋಗುವುದು ಆ ಕೆಲಸದ ಮೊದಲ ಹೆಜ್ಜೆ. ಮುಂದಿನ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಲು ಎಲ್ಲ ಸದಸ್ಯರಲ್ಲಿ ಕೋರಲಾಗಿದೆ.